ಮೂರು ಸಲ ಹೇಳಬೇಕಾದ ಹೆಸರು

ಹೆಸರು ಇರುವುದು ಕರೆಯಲಿಕ್ಕೆ ಎಂದು ನಂಬಿಕೊಂಡವರು ಒಮ್ಮೆ ಬಂಟ್ವಾಳದ ನಮ್ಮ ಮನೆಗೆ ಬರಬೇಕು. ನಮ್ಮಲ್ಲಿ ಹೆಸರೆಂದರೆ ನೆಂಟರು ಬಂದಾಗ ಮಾತ್ರ ಕಪಾಟಿನಿಂದ ಇಳಿಸುವ ಹಿತ್ತಾಳೆಯ ತಟ್ಟೆಯ ಹಾಗೆ. ದಿನದ ವ್ಯವಹಾರವೆಲ್ಲ ‘ಓಯ್’, ‘ಇಲ್ಲಿ ನೋಡಿ’, ‘ಕೇಳಿತಾ’ ಎಂಬ ಸ್ಟೀಲಿನ ಪಾತ್ರೆಗಳಲ್ಲೇ ಮುಗಿದುಹೋಗುತ್ತದೆ. ಮದುವೆಯಾಗಿ ಮೂವತ್ತಮೂರು ವರ್ಷವಾಯಿತು, ನನ್ನ ಹೆಸರನ್ನು ನನ್ನ ಹೆಂಡತಿಯ ಬಾಯಲ್ಲಿ ನಾನು ಕೇಳಿಲ್ಲ. ಗ್ಯಾಸಿನವನು ಫೋನಿನಲ್ಲಿ “ಯಾರ ಹೆಸರಲ್ಲಿ ಉಂಟು?” ಎಂದರೆ ಅವಳು ಫೋನನ್ನು ತಂದು ನನ್ನ ಬಾಯಿಯ ಮುಂದೆ ಹಿಡಿಯುತ್ತಾಳೆ. ಊಟ ಮಾಡುತ್ತಿದ್ದರೂ ಸರಿ, ನಾನು ಅನ್ನ ನುಂಗಿ ನನ್ನ ಹೆಸರು ಹೇಳಬೇಕು.

ಇದರ ಬಗ್ಗೆ ದೂರು ಹೇಳುವ ಹಕ್ಕು ನನಗಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಜನರ ಅರ್ಜಿ ತುಂಬಿಸಿಯೇ ನನ್ನ ಕೂದಲು ಬೆಳ್ಳಗಾದದ್ದು. ಹೆಂಗಸರಲ್ಲಿ “ಗಂಡನ ಹೆಸರು?” ಎಂದು ಕೇಳಿದರೆ ಸಾಕು, ಕಿಟಕಿಯ ಆಚೆ ಮೌನ. ಒಮ್ಮೆ ಇಬ್ಬರು ಅಜ್ಜಿಯರು ಜೊತೆಯಾಗಿ ಬಂದಿದ್ದರು. ಅರ್ಜಿ ಒಬ್ಬರದ್ದೇ.

“ಇವರು ಯಾರು?” ಎಂದೆ.

“ಪಕ್ಕದ ಮನೆಯವಳು ಸಾರ್. ನಮ್ಮವರ ಹೆಸರು ಹೇಳ್ಲಿಕ್ಕೆ ಬಂದದ್ದು.”

“ಅವರ ಅರ್ಜಿ ಇದ್ರೆ?”

“ಅದಕ್ಕೆ ನಾನು ಬರ್ತೇನೆ ಸಾರ್. ಅವಳ ಗಂಡನ ಹೆಸರು ನನಗೆ ಬಾಯಿಪಾಠ ಉಂಟು.”

ಗಂಡನ ಹೆಸರಿನದ್ದು ಈ ಕತೆಯಾದರೆ ಅತ್ತೆಯ ಹೆಸರಿನದ್ದು ಇನ್ನೂ ದೊಡ್ಡದು. ನನ್ನ ಅಮ್ಮನ ಹೆಸರು ಗುಲಾಬಿ. ಅತ್ತೆಯ ಹೆಸರು ಹೇಳಬಾರದೆಂದು ನನ್ನ ಹೆಂಡತಿಗೆ ಯಾರೂ ಆಜ್ಞೆ ಮಾಡಿದ್ದಲ್ಲ. ಅವಳ ಅಮ್ಮ ಹೇಳುತ್ತಿರಲಿಲ್ಲ, ಅಜ್ಜಿ ಹೇಳುತ್ತಿರಲಿಲ್ಲ, ಅಷ್ಟೆ. ಆದರೆ ಅವಳು ಈ ವ್ರತವನ್ನು ತನ್ನ ಅಜ್ಜಿಗಿಂತ ನಾಲ್ಕು ಹೆಜ್ಜೆ ಮುಂದಕ್ಕೆ ಒಯ್ದು, ಆ ಹೂವನ್ನೂ ಆ ಬಣ್ಣವನ್ನೂ ಹೆಸರಿಸುವುದನ್ನೇ ಬಿಟ್ಟುಬಿಟ್ಟಳು. ಹೊಸತರಲ್ಲಿ ಮೂಡುಬಿದಿರೆಯ ಜವಳಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. “ಯಾವ ಬಣ್ಣ ತೋರಿಸ್ಲಿ ಅಕ್ಕ?” ಎಂದು ಅಂಗಡಿಯವನು ಕೇಳಿದ. ಇವಳು ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. ಕೊನೆಗೆ ಅವಳು ಹೇಳಿದಳು: “ಕೆಂಪು ಅಲ್ಲ. ಕೆಂಪಿನ ತಂಗಿ.” ಅಂಗಡಿಯವನು ಹದಿನೇಳು ಸೀರೆ ಬಿಡಿಸಿದ. ಊರಿಗೆ ‘ಪಿಂಕ್’ ಎಂಬ ಶಬ್ದ ಬಂದದ್ದರಿಂದ ಹೆಚ್ಚು ಉಪಕಾರ ಆದದ್ದು ಯಾರಿಗೆಂದು ಕೇಳಿದರೆ ನಾನು ನನ್ನ ಹೆಂಡತಿಯನ್ನು ತೋರಿಸಿಯೇನು.

ನಾನು ಅವಳನ್ನು ಕಾಡಿಸಿದ್ದಕ್ಕೂ ಲೆಕ್ಕವಿಲ್ಲ. “ಅವರು ನಿಮ್ಮನ್ನು ಕರೀತಾರೆ” ಎಂದು ಬಂದು ನಿಲ್ಲುವಳು.

“ಯಾರು?”

“ಅವರೇ.”

“ಅವರು ಅಂದ್ರೆ ಯಾರು ಮಾರಾಯ್ತಿ? ಹೆಸರಿಲ್ವಾ ಅವರಿಗೆ?”

ಒಳಗಿನಿಂದ ಅಮ್ಮನೇ ಕೂಗಿ ಹೇಳುವಳು: “ಪಾಪ, ಅವಳನ್ನು ಯಾಕೆ ಹಾಗೆ ಗೋಳು ಹುಯ್ಕೊಳ್ತೀಯಾ?”

ಈಗ ಯೋಚಿಸಿದರೆ ಒಂದು ವಿಷಯ ಮನಸ್ಸನ್ನು ಚುಚ್ಚುತ್ತದೆ. ಅಮ್ಮನಿಗೆ ಹೆಸರಿತ್ತು, ಸರಿ, ಆದರೆ ಅದನ್ನು ಕರೆಯುವವರು ಎಷ್ಟು ಮಂದಿ ಇದ್ದರು? ಅಪ್ಪನಿಗೆ ಅವಳು ‘ಓಯ್’. ನೆರೆಕರೆಯವರಿಗೆ ಗುಲಾಬಿಯಕ್ಕ. ಬಾಲ ಸೇರಿಸದೆ, ಬರೀ ಗುಲಾಬಿ ಎಂದು ಕರೆಯುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ, ಅವಳ ಅಣ್ಣ, ನನ್ನ ಸೋದರಮಾವ. ಸಿದ್ದಕಟ್ಟೆ ದಾರಿಯಾಗಿ ಬರುವ ಬಸ್ಸಿನಲ್ಲಿ ಮೂಡುಬಿದಿರೆಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಗೇಟು ದಾಟುವ ಮೊದಲೇ “ಗುಲಾಬೀ...” ಎಂದು ಕೊನೆಯ ಅಕ್ಷರವನ್ನು ಅಂಗಳದುದ್ದಕ್ಕೂ ಎಳೆಯುವರು. ಅಮ್ಮ ದೋಸೆ ಹೊಯ್ಯುತ್ತಿದ್ದರೆ ಸೌಟು ಹಿಡಿದುಕೊಂಡೇ ಓಡುವಳು. ಮೊಣಕಾಲು ನೋವೆಂದು ಬೆಳಗ್ಗೆ ತಾನೇ ನರಳಿದ್ದವಳು. ಆ ಐದಾರು ಹೆಜ್ಜೆಯಲ್ಲಿ ಅವಳು ನನ್ನ ಅಮ್ಮ ಆಗಿರುತ್ತಿರಲಿಲ್ಲ, ಯಾರದ್ದೋ ಚಿಕ್ಕ ತಂಗಿಯಾಗಿರುತ್ತಿದ್ದಳು. ಕಾವಲಿಯಲ್ಲಿ ದೋಸೆ ಕರಟಿದ ವಾಸನೆ ಬಂತೆಂದರೆ ಮಾವ ಬಂದರೆಂದು ನಮಗೆ ಹಿತ್ತಿಲಲ್ಲೇ ಗೊತ್ತಾಗುತ್ತಿತ್ತು.

ಮಾವ ತೀರಿಕೊಂಡ ಮೇಲೂ ಅಮ್ಮ ಹದಿನೆಂಟು ವರ್ಷ ಬದುಕಿದ್ದಳು. ಅಷ್ಟು ವರ್ಷ ನಮ್ಮ ಮನೆಯಲ್ಲಿ ಒಂದೇ ಒಂದು ದೋಸೆ ಕರಟಲಿಲ್ಲ. ಅದು ಯಾಕೆಂದು ಆಗ ನಾನು ಯೋಚಿಸಲಿಲ್ಲ. ಅವಳು ಹೋದ ಮೇಲೆ ನೋಂದಣಿಯ ಕಾಗದದಲ್ಲಿ ಅವಳ ಹೆಸರನ್ನು ನಾನೇ ತುಂಬಿಸಿದೆ. ಅಭ್ಯಾಸದ ಕೈ, ಅಕ್ಷರ ಚಂದ ಬಂತು. ಪೆನ್ನು ಮುಚ್ಚುವಾಗ ಅನಿಸಿತು, ಇನ್ನು ಈ ಹೆಸರನ್ನು ಯಾರೂ ಅಂಗಳದಿಂದ ಕರೆಯುವುದಿಲ್ಲ.

ನಮ್ಮಲ್ಲಿ ಕುಟುಂಬ, ‘ಬಳಿ’ ಎಂಬ ವಂಶದ ಗುರುತು ಎಲ್ಲ ತಾಯಿಯ ಕಡೆಯಿಂದ ಬರುವುದು. ಅಮ್ಮನ ಹೆಸರು ಮುಂದೆ ಹೋಗಬೇಕಾದರೆ ನನಗೆ ಅಕ್ಕನೋ ತಂಗಿಯೋ ಇದ್ದು, ಅವರ ಹೆಣ್ಣುಮಕ್ಕಳ ಮನೆಯಲ್ಲಿ ತೊಟ್ಟಿಲು ಕಟ್ಟಬೇಕಿತ್ತು. ನಾನೊಬ್ಬನೇ ಮಗ. ನನ್ನ ಮಗಳು ಸೌಮ್ಯ ಅವಳ ಅಮ್ಮನ ಬಳಿಗೆ ಸೇರಿದವಳು, ಅವಳ ಮಗುವೂ ಹಾಗೆಯೇ. ಹಾಗಾಗಿ ಲಾಯಿಲಕ್ಕೆ ಮದುವೆಯಾಗಿ ಹೋದ ಸೌಮ್ಯ ಹೆರಿಗೆಗೆ ನಮ್ಮಲ್ಲಿಗೆ ಬಂದು ಹೆಣ್ಣು ಹೆತ್ತಾಗ, ಹೆಸರಿನ ವಿಷಯದಲ್ಲಿ ನನಗಿದ್ದದ್ದು ಮದುವೆಮನೆಗೆ ಕರೆಯದೆ ಬಂದವನಿಗೆ ಇರುವಷ್ಟು ಅಧಿಕಾರ.

ಅಳಿಯ ಗುರುವಾಯನಕೆರೆಯಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟವನು, ಒಳ್ಳೆಯ ಹುಡುಗ. ಮೊಬೈಲಿನಲ್ಲಿ ಹುಡುಕಿ ‘ಆರ್ವಿ’ ಎಂಬ ಹೆಸರು ತೆಗೆದ.

“ಏನರ್ಥ?” ಎಂದೆ.

“ಶಾಂತಿ ಅಂತ ಉಂಟು ಮಾವ ಇದರಲ್ಲಿ.” ಮಗು ಆಗ ತೊಟ್ಟಿಲು ಹರಿಯುವ ಹಾಗೆ ಅಳುತ್ತಿತ್ತು.

“ಹಾಗಾದ್ರೆ ಶಾಂತಿ ಅಂತಲೇ ಇಡಬಹುದಲ್ಲ?”

ಅಳಿಯ ಎದ್ದು ತೊಟ್ಟಿಲು ತೂಗಲಿಕ್ಕೆ ಹೋದ. ಎರಡು ದಿನ ಕಾದು, ಸಂಜೆಯ ಚಾ ಕುಡಿಯುವಾಗ, ಆಚೆ ಎಲ್ಲೋ ನೋಡುತ್ತಾ ನನ್ನ ಆಸೆ ಹೇಳಿದೆ. ಕಾಗದಕ್ಕೆ ಏನು ಬೇಕಾದರೂ ಇಡಿ, ಮನೆಯಲ್ಲಿ ಕರೆಯಲಿಕ್ಕೆ ಅಮ್ಮನ ಹೆಸರು ಇಡುವ.

ಹೆಂಡತಿ ಲೋಟ ಕೆಳಗಿಟ್ಟಳು. “ಇಟ್ಟರೆ ನಾನು ಕರೆಯುವುದು ಹೇಗೆ? ಮಗು ಮಾರ್ಗಕ್ಕೆ ಓಡಿದ್ರೆ ಏನಂತ ಕೂಗ್ಲಿ, ಓ ಅತ್ತೆ ನಿಲ್ಲಿ ಅಂತಲಾ? ಬೈಲಿಕ್ಕುಂಟಾ ಆ ಹೆಸರು ಹಿಡಿದು?”

“ಬೈಬೇಡ.”

“ಬೈಯದೆ ಮಕ್ಕಳನ್ನು ಸಾಕ್ಲಿಕ್ಕೆ ಆಗ್ತದಾ? ನಿಮ್ಮನ್ನು ಬೈಯದೆ ಸಾಕಿದ್ದರಿಂದಲೇ ನೀವು ಹೀಗಾದದ್ದು.”

ಸೌಮ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ಇಡುವ ಅಪ್ಪ. ಆದ್ರೆ ಕಿವಿಯಲ್ಲಿ ನೀವೇ ಹೇಳ್ಬೇಕು. ಆಸೆ ನಿಮ್ಮದಲ್ವಾ?” ಹೆಂಡತಿ ಒಳಗೆ ಹೋಗಿ ಒಂದು ತೆಂಗಿನಕಾಯಿಯನ್ನು ಅಗತ್ಯಕ್ಕಿಂತ ಜೋರಾಗಿ ಒಡೆದಳು. ಹೆಸರಿಡುವ ದಿನದ ಬೆಳಗ್ಗೆ ಮಾತ್ರ, ನನ್ನ ಪಂಚೆಯ ಮಡಿಕೆ ಸರಿಮಾಡುತ್ತಾ ಕೇಳಿದಳು: “ನಿಮಗೆ ಹೇಳ್ಲಿಕ್ಕೆ ಆಗ್ತದಾ?”

“ನಿನ್ನ ಹಾಗಾ ನಾನು?” ಎಂದು ನಕ್ಕೆ.

ತೊಟ್ಟಿಲ ಸುತ್ತ ನೆಂಟರು ನಿಂತಿದ್ದರು. ಮಗುವಿನ ಕಿವಿಯ ಹತ್ತಿರ ವೀಳ್ಯದೆಲೆ ಅಡ್ಡ ಹಿಡಿದು ಬಾಗಿದೆ. ಹಾಲಿನ ವಾಸನೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಕೆಮ್ಮಿ ಮತ್ತೆ ತೆರೆದೆ. ಆಗ ತಿಳಿಯಿತು, ಈ ಹೆಸರನ್ನು ನಾನು ಬರೆದಿದ್ದೇನೆ, ಓದಿದ್ದೇನೆ, ಕೇಳಿದ್ದೇನೆ, ಇಷ್ಟು ವಯಸ್ಸಾದರೂ ಒಮ್ಮೆಯೂ ಹೇಳಿಲ್ಲ. ಯಾವ ಮಗ ತನ್ನ ಅಮ್ಮನನ್ನು ಹೆಸರು ಹಿಡಿದು ಕರೆಯುತ್ತಾನೆ? ಹಿಂದಿನಿಂದ ಯಾರೋ “ಬೇಗ ಹೇಳಿ ಅಣ್ಣ, ಬೆನ್ನು ಹಿಡ್ಕೊಂಡೀತು” ಎಂದರು. ನಾನು ಕಣ್ಣು ಮುಚ್ಚಿ ಇದ್ದಬದ್ದ ಬಲವನ್ನೆಲ್ಲ ಹಾಕಿ ಹೇಳಿದೆ: “ಅಮ್ಮ.”

ಎಲ್ಲರಿಗೂ ಕೇಳಿಸಿತು. ನಗು ಎದ್ದಿತು. ನಾನು ಮಾತ್ರ ತಲೆ ಎತ್ತಲಿಲ್ಲ, ಎತ್ತಿದರೆ ಒದ್ದೆ ಕಣ್ಣು ಎಲ್ಲರಿಗೂ ಕಾಣುತ್ತಿತ್ತು. ಆಗ ಯಾರೋ ನನ್ನ ಕೈಯಿಂದ ಎಲೆ ತೆಗೆದುಕೊಂಡರು. ಬಳೆಯ ಸದ್ದಿನಿಂದ ಹೆಂಡತಿ ಎಂದು ಗೊತ್ತಾಯಿತು. ಅವಳು ಗೋಡೆಯ ಮೇಲಿನ ಅಮ್ಮನ ಫೋಟೋದ ಕಡೆ ತಿರುಗಿ, “ತಪ್ಪು ತಿಳ್ಕೊಳ್ಬೇಡಿ ಅತ್ತೆ, ಇವರಿಂದ ಆಗುವುದಿಲ್ಲ” ಎಂದು ಹೇಳಿ, ಬಾಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಕರೆದಳು. “ಗುಲಾಬೀ... ಗುಲಾಬೀ... ಗುಲಾಬೀ...” ಕೊನೆಯ ಅಕ್ಷರವನ್ನು ಎಳೆದ ರೀತಿ ಥೇಟು ಮಾವನದ್ದೇ. ಹೊಸ ಸೊಸೆಯಾಗಿ ಅಡುಗೆಮನೆಯಲ್ಲಿ ನಿಂತು ಅವಳು ಅದನ್ನು ಕೇಳಿಸಿಕೊಂಡಿದ್ದಳು, ಇಷ್ಟು ವರ್ಷ ಕೆಡದ ಹಾಗೆ ಇಟ್ಟುಕೊಂಡಿದ್ದಳು.

ಮಗುವಿಗೆ ಈಗ ಎರಡು ವರ್ಷ. ಪ್ರತಿ ಭಾನುವಾರ ಲಾಯಿಲದಿಂದ ಬರುತ್ತದೆ. ಒಮ್ಮೆ ಕಟ್ಟೆ ಒಡೆದದ್ದೇ ತಡ, ನನ್ನ ಹೆಂಡತಿಗೆ ಈಗ ಯಾವ ತಡೆಯೂ ಇಲ್ಲ. “ಗುಲಾಬಿ, ಮಣ್ಣು ತಿನ್ಬೇಡ! ಗುಲಾಬಿ, ಬೆನ್ನಿಗೆ ಎರಡು ಬಿಡ್ತೇನೆ ನೋಡು!” ಎಂದು ದಿನವಿಡೀ ಕೂಗುತ್ತಾಳೆ. ಆ ಬೈಗುಳದಲ್ಲಿ ಒಂದು ವಿಶೇಷ ರುಚಿ ಇದೆಯೆಂದು ನನಗೆ ಅನುಮಾನ, ಕೇಳಲು ಧೈರ್ಯವಿಲ್ಲ. ಅವಳು ಕೂಗಿದಾಗಲೆಲ್ಲ ನಾನು ಪೇಪರು ಬಿಟ್ಟು ಬಾಗಿಲ ಕಡೆ ನೋಡುತ್ತೇನೆ, ಯಾರೋ ಸೌಟು ಹಿಡಿದು ಓಡಿಬರುತ್ತಾರೇನೋ ಎಂದು. ಬರುವುದು ಮೂಗು ಸೋರುವ ಒಂದು ಚಿಕ್ಕ ಮುಖ. ಅದೂ ಓಡಿಯೇ ಬರುತ್ತದೆ.

ನನಗೆ ಮಾತ್ರ ಆ ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಮೊನ್ನೆ ಮಗು ನನ್ನ ಕನ್ನಡಕ ಹಿಡಿದುಕೊಂಡು ಅಂಗಳಕ್ಕೆ ಹಾರಿತು. “ಓಯ್, ಅವಳನ್ನೊಮ್ಮೆ ಕರಿ ಮಾರಾಯ್ತಿ!” ಎಂದು ಒಳಗೆ ಕೂಗಿದೆ.

ಹೆಂಡತಿ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, ಸೆರಗಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು:

“ಯಾರನ್ನು?”