ಜೇವರ್ಗಿಯ ಮದರಂಗಿ ಬೇಲಿಯ ಮೇಲೊಂದು ದೂರು

ಜೇವರ್ಗಿ
12 ಡಿಸೆಂಬರ್ 1987

ಸದಾಬಹಾರ ನರ್ಸರಿಯ ಮಾಲೀಕರಾದ ಶ್ರೀ ಜಗದೇವಪ್ಪನವರಿಗೆ, ಊರವರೆಲ್ಲರ ಸಮಕ್ಷಮ

ಮಾನ್ಯರೇ,

ತಮ್ಮ ನರ್ಸರಿಯ ಪ್ರತಿಯೊಂದು ಸಸಿಗೂ ನನ್ನ ನಮಸ್ಕಾರ. ಮಿಕ್ಕಿದ್ದನ್ನು ತಾವು ಸ್ವೀಕರಿಸಬೇಕು. ಕನ್ನಡ ಶಾಲೆಯ ನಿವೃತ್ತ ಹೆಡ್‌ಮಾಸ್ತರನಾದ ನಾನು, ಐದು ವರ್ಷದ ಹಿಂದೆ ತಮ್ಮಲ್ಲಿಗೆ ಬಂದು, ವರ್ಷವಿಡೀ ಎಲೆ ಉದುರದ, ಆಡು ಮುಟ್ಟದ, ರಸ್ತೆಯ ಕಣ್ಣಿಗೆ ಪೂರ್ತಿ ಮರೆಯಾಗುವಂಥ ಗಿಡ ಬೇಕೆಂದು ಕೇಳಿದ್ದು ನೆನಪಿರಬಹುದು. ಆಗ ಕಾರಣ ಹೇಳಿರಲಿಲ್ಲ. ನನ್ನ ಹೆಂಡತಿ ಜಾನಕೀಬಾಯಿಯ ಕೈಗಳ ಮೇಲೆ ಬಿಳಿ ಮಚ್ಚೆಗಳೆದ್ದಿದ್ದವು. ಔಷಧಿ ಹಚ್ಚಿಕೊಂಡು ದಿನಾ ಎಳೆಬಿಸಿಲಿಗೆ ತೋಳು ಒಡ್ಡಬೇಕೆಂದು ಗುಲಬರ್ಗಾದ ಡಾಕ್ಟರರು ಹೇಳಿದ್ದರು. ನಮ್ಮ ಮನೆಯಲ್ಲಿ ಸಾಕಷ್ಟು ಬಿಸಿಲು ಬೀಳುವುದು ಹೆದ್ದಾರಿಯ ಕಡೆಯ ಅಂಗಳಕ್ಕೆ ಮಾತ್ರ. ವಿಜಾಪುರದ ಬಸ್ಸುಗಳು ಗೇಟಿನೆದುರೇ ನಿಧಾನಿಸುತ್ತವೆ.

ತಾವು ಮೊದಲು ದಯಪಾಲಿಸಿದ್ದು ಅಶೋಕ. ಅವು ಎರಡು ವರ್ಷದಲ್ಲಿ ನೆಟ್ಟಗೆ ಮೇಲೇರಿ ಆಕಾಶವನ್ನು ಮರೆಮಾಡಿ, ಬುಡದಲ್ಲಿ ನಮ್ಮನ್ನು ಊರಿಗೆ ಬಿಟ್ಟುಕೊಟ್ಟವು. ಅಷ್ಟು ದಿನವೂ ಆಕೆ ಅಡುಗೆಮನೆಯ ಕಿಟಕಿಯಲ್ಲಿ ಬೀಳುವ ಗೇಣು ಬಿಸಿಲಿಗೆ ಒಂದೊಂದೇ ಕೈ ಚಾಚುತ್ತ ಕೂತಳು. ಆಮೇಲೆ ತಾವು ಕಣಗಿಲ ಆಡುಗಳಿಗೆ ವಿಷವೆಂದೂ ಸರ್ವೆ ಜರಡಿಯಂತೆ ಒಳಗಿನದೆಲ್ಲ ತೋರಿಸುತ್ತದೆಂದೂ ತಳ್ಳಿಹಾಕಿ, “ಮಾಸ್ತರ, ಮದರಂಗಿ ಹಚ್ರಿ. ಇರುವಿ ಸೈತ ಒಳಗ ಹಣಿಕಿ ಹಾಕಬಾರದು, ಹಂಗ ಬೆಳೀತದ” ಎಂದು ಭರವಸೆಯಿತ್ತಿರಿ.

ಬೆಳೆಯಿತು, ಮಾನ್ಯರೇ. ಮೂರು ಮಳೆಗಾಲದಲ್ಲಿ ಆಳೆತ್ತರದ ಹಸಿರು ಗೋಡೆಯೇ ಆಯಿತು. ಅದರ ಹಿಂದೆ ಆಕೆ ಕುರ್ಚಿ ಹಾಕಿ ಕೂತರೆ, ನಾನು ಕತ್ತರಿ ಹಿಡಿದು ಕಾವಲು ಕಾಯುತ್ತಿದ್ದೆ.

ಕಳೆದ ತಿಂಗಳು ಎದುರು ಓಣಿಯ ಮೆಹರಾಜಬೇಗಂ ತಂಗಿಯ ಮಗಳ ಮದುವೆಗೆಂದು ಎಲೆ ಕೇಳಲು ಬಂದರು. ಕಿತ್ತುಕೊಳ್ಳಿ ಎಂದು ಜಾನಕಿ ಒಳಗಿನಿಂದಲೇ ಹೇಳಿದಳು. ಮರುದಿನ ನಾಲ್ವರು ಬಂದರು. ಗೊಬ್ಬೂರಿನ ಬೀಗರಿಗೂ ಒಂದು ಚೀಲ ಹೋಯಿತು. ಆಡುಗಳ ಬಗ್ಗೆ ಅಷ್ಟು ಕಾಳಜಿಯಿಂದ ಎಚ್ಚರಿಸಿದ್ದ ತಾವು, ಮದುವೆ ಮನೆಯ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಎಂಟೇ ದಿನದಲ್ಲಿ ಬೇಲಿಯ ನಡುವೆ ಮಾರಗಲದ ಕಿಂಡಿ.

ಒಂದು ಬೆಳಿಗ್ಗೆ ಮೆಹರಾಜಬೇಗಂ ಅರೆದ ಮದರಂಗಿಯ ಬಟ್ಟಲು ಹಿಡಿದು ಆ ಕಿಂಡಿಯಿಂದಲೇ ಕೈ ಚಾಚಿದರು. “ಬಾಯಿ, ಎಲಿ ಕೊಟ್ಟ ಕೈಗೇ ಮೊದಲ ಹಚ್ಚಬೇಕ್ರಿ. ಇತ್ತ ಕೊಡ್ರಿ.”

ಜಾನಕಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ನನ್ನ ಕೈ ಹಿಂಗದಾವ್ರಿ.”

“ನೋಡೀನ್ರಿ. ಓಣ್ಯಾಗ ಎಲ್ಲಾರೂ ಯಾವಾಗೋ ನೋಡ್ಯಾರ. ಕೊಡ್ರಿ.”

ಜಾನಕಿ ಸೆರಗು ಬಿಚ್ಚಿ ಕೈ ಕೊಟ್ಟಳು. ನಾನು ಕತ್ತರಿ ಹಿಡಿದು ನಿಂತೇ ಇದ್ದೆ.

ಅಂದಿನಿಂದ ಆಕೆ ಗೇಟಿನ ಹೊರಗಿನ ಕಟ್ಟೆಯ ಮೇಲೆ, ಎರಡೂ ತೋಳು ಬಿಸಿಲಿಗೆ ಬಿಟ್ಟು, ಬಂದವರಿಗೆಲ್ಲ ಎಲೆ ಬಿಡಿಸಿ ಕೊಡುತ್ತಾಳೆ. ಕಿಂಡಿಗೆ ಹೊಸ ಸಸಿ ತರುತ್ತೇನೆಂದೆ. “ಬ್ಯಾಡ್ರಿ. ನಾ ಬಿಸಲಷ್ಟ ಕೇಳಿದ್ದೆ. ಮರೆ ಬೇಕಾಗಿದ್ದು ನಿಮಗ” ಎಂದಳು. ಇಪ್ಪತ್ತೆಂಟು ವರ್ಷ ಮಕ್ಕಳ ತಪ್ಪು ತಿದ್ದಿದ ನಾನು, ಈ ವಾಕ್ಯದಲ್ಲಿ ತಿದ್ದುವಂಥದ್ದೇನೂ ಕಾಣದೆ ಒಳಗೆ ಹೋದೆ.

ನನ್ನ ನಷ್ಟ ಅಲ್ಲಿಗೇ ನಿಂತಿಲ್ಲ. ಉಳಿದ ಮದರಂಗಿಯನ್ನು ನನ್ನ ತಲೆಗೆ ಹಚ್ಚಲಾಗಿದ್ದು, ಬಿಳಿಗೂದಲು ಗಜ್ಜರಿ ಬಣ್ಣಕ್ಕೆ ತಿರುಗಿದೆ. ಈಗ ಬಸ್ಸಿನ ಜನ ಎದ್ದು ನಿಂತು ನೋಡುವುದು ನನ್ನನ್ನೇ. ಆದುದರಿಂದ ನನ್ನೊಬ್ಬನ ಅಳತೆಗೆ ಸರಿಯಾಗಿ, ಒಂದೇ ವಾರದಲ್ಲಿ ಬೆಳೆಯುವ, ನಾನು ಹೋದಲ್ಲೆಲ್ಲ ಜೊತೆಗೆ ಬರುವ, ಯಾವ ಹೆಣ್ಣುಮಗಳಿಗೂ ಯಾವ ಉಪಯೋಗಕ್ಕೂ ಬಾರದ ಒಂದು ನಿತ್ಯಹಸಿರು ಗಿಡವನ್ನು ಕೂಡಲೇ ಸೃಷ್ಟಿಸಿ ಕಳಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಎಲೆ ಕಡಿಮೆಯಾದರೂ ವಿಶ್ವಾಸ ಕಡಿಮೆಯಾಗದ,
ತಮ್ಮ ವಿಶ್ವಾಸಿ,
ವಾಮನರಾವ

ತಾ.ಕ.: ತಮ್ಮ ಮನೆಯವರಾದ ಗೌರಾಬಾಯಿಯವರು ನಿನ್ನೆ ಬಂದು ಒಂದು ಬುಟ್ಟಿ ಎಲೆ ಒಯ್ದರು. ತಮ್ಮ ಮನೆಯ ಸುತ್ತ ಯಾವ ಗಿಡ ಹಚ್ಚಿದ್ದೀರೆಂದು ಕೇಳಿದ್ದಕ್ಕೆ, “ಒಂದೂ ಇಲ್ರಿ. ಗಿಡದಾಗ ಹಾವ ಕೂಡ್ತಾವಂತ ನಮ್ಮವ್ರು ಕಲ್ಲಿನ ಕಂಪೌಂಡ ಕಟ್ಟಿಸ್ಯಾರ” ಎಂದರು.