ಆರ್ಕಿಡ್ ನಾಟಿ

ಬಳ್ಳಾರಿ ಬಿಸಿಲಿನಾಣೆ, ಇದು ನಡೆದದ್ದೇ. ನಂಬದಿದ್ದರೆ ಗವಿಸಿದ್ದೇಶನ ಮುಖ ನೋಡಿ ಬನ್ನಿ.

ಕುರುಗೋಡಿಗೆ ನೆಂಟರ ನಿಶ್ಚಿತಾರ್ಥಕ್ಕೆ ಹೊರಟ ಅವನ ಹೆಂಡತಿ ಅಂಜನಾ, ಪಡಸಾಲೆ ಕಿಟಕಿಯಲ್ಲಿದ್ದ ಆರ್ಕಿಡ್ ಕುಂಡ ತೋರಿಸಿ ಹೇಳಿದ್ದಳು: “ಮೊದಲ ಸಲ ಮೊಗ್ಗು ಬಿಟ್ಟೈತ್ರಿ. ನಾಳಿ ಹೂವಿನ ಪ್ರದರ್ಶನಕ್ಕ ಒಯ್ಯಬೇಕು. ಮುಟ್ಟಬ್ಯಾಡ್ರಿ, ನೀರೂ ಹಾಕಬ್ಯಾಡ್ರಿ. ಏನಾರ ಆತು, ನಾನು ತೌರಿಗೆ ಹೋಗಾಕಿ!”

ಅವಳು ಅತ್ತ ಹೋದಳು, ತವರೇ ಇತ್ತ ಬಂತು. ಸಿರುಗುಪ್ಪದ ಮಾವ ತಿಪ್ಪೇರುದ್ರಪ್ಪ, ಹೆಗಲ ಮೇಲೆ ಅಕ್ಕಿ ಚೀಲ. ಅಳಿಯ ಚಹಾ ತರುವಷ್ಟರಲ್ಲಿ ಅವರ ಕಣ್ಣು ಕುಂಡಕ್ಕೆ ಬಿದ್ದಿತ್ತು.

“ಏನ್ರಿ ಅಳಿಯಂದ್ರ, ಮಣ್ಣ ಇಲ್ಲ! ಬರೇ ಕಟಗಿ ಚೂರು. ಬೇರು ದಿಕ್ಕೆಟ್ಟು ಹೊರಗ ಬಂದಾವು!”

“ಮಾವಾರ, ಆರ್ಕಿಡ್ ಇರೂದ ಹಂಗ...”

“ನಿಮ್ಮ ಆರ ಕಿಡಿ ಆಮ್ಯಾಲ. ಹುಟ್ಟಿದಾಗಿಂದ ನೆಲ್ಲು ಹಚ್ಚಾಕಹತ್ತೀನಿ, ನನಗ ಹೇಳ್ತೀರಿ?”

ಮಾವ ಪಂಚೆ ಎತ್ತಿ ಕಟ್ಟಿದರು. ಬಕೆಟ್ಟಿಗೆ ಎರೆಮಣ್ಣು ಬಿತ್ತು, ನೀರು ನಿಂತಿತು, ಆರ್ಕಿಡ್ ಭತ್ತದ ಸಸಿಯಂತೆ ಕೆಸರಿನಲ್ಲಿ ನಾಟಿಯಾಯಿತು. ಪಕ್ಕದ ಮನೆಯ ಚನ್ನವೀರಮ್ಮ ಇಣುಕಿದರು. “ಮಜ್ಜಿಗಿ ಹಾಕ್ರಿ ಯಜಮಾನ್ರ, ಕಾವು ಇಳೀತೈತಿ!” ಎಂದು ತಾವೇ ಒಂದು ಚೊಂಬು ತಂದು ಸುರಿದರು.

ಮಾವ ಮಲಗಿದ್ದೇ ತಡ, ಗವಿಸಿದ್ದೇಶ ಗಿಡ ಕಿತ್ತು, ಬೇರು ತೊಳೆದು, ಟವೆಲ್ ಸುತ್ತಿ, ಜ್ವರದ ಕೂಸನ್ನೆತ್ತಿಕೊಂಡ ಬಾಣಂತಿಯಂತೆ ಕೂಲರ್ ಮುಂದೆ ಕೂತ. ಗಾಳಿಗೆ ಮೊಗ್ಗುಗಳೆಲ್ಲ ಉದುರಿ ಹಾರಿದವು. ಒಂದು ನೇರ ಮಾವನ ಗೊರಕೆಯೊಳಗೇ ಹೋಯಿತು. ಅವರು ನಿದ್ದೆಯಲ್ಲೇ ಅಗಿದು ನುಂಗಿದರು.

ಸಂಜೆ ಅಂಜನಾ ಬಂದಳು. ಬೆನ್ನಿಗೇ ಚನ್ನವೀರಮ್ಮನೂ ಬಂದರು. ಗವಿಸಿದ್ದೇಶ ಬೋಳು ಗಿಡವನ್ನು ಮುಂದಿಟ್ಟು ಕೈಮುಗಿದು ನಿಂತ.

ಅಂಜನಾ ಗೊಳ್ಳೆಂದು ನಕ್ಕಳು. ತನ್ನ ಬುಟ್ಟಿಯ ಮುಚ್ಚಳ ತೆಗೆದರೆ ಒಳಗೆ ಮೊಗ್ಗು ತುಂಬಿದ ಆರ್ಕಿಡ್! “ನಿಮ್ಮ ಕೈಯಾಗ ಬಿಟ್ಟು ಹೋಗಾಕ ನನಗೇನು ತಲಿ ಕೆಟ್ಟೈತೇನು? ನಂದು ನನ್ನ ಜೋಡಿನ ಕುರುಗೋಡಿಗೆ ಬಂದಿತ್ತು. ನಿಮ್ಮನ್ನ ಹೆದರ್ಸಾಕ ಬ್ಯಾರೇದು ಇಟ್ಟಿದ್ದೆ!”

ಮಾವ ನಕ್ಕರು. ಜೀವ ಬಂದವನಂತೆ ಗವಿಸಿದ್ದೇಶನೂ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ: “ಹಂಗಾರ ಇದು ಯಾರ್ದು?”

ಅಂಜನಾಳ ನಗು ಅರ್ಧಕ್ಕೆ ನಿಂತಿತು. ಅವನ ಕಿವಿಯಲ್ಲಿ ಉಸುರಿದಳು: “ಚನ್ನವೀರಮ್ಮಾರ್ದು. ನನ್ನಂಥದ ಬೇಕಂತ ನನ್ನ ಕಡಿಂದ ತರಿಸ್ಯಾರ. ಬಂದೈತಿ ಅಂತ ಇನ್ನೂ ಹೇಳಿಲ್ಲ. ನೀವ ಹೇಳ್ರಿ.”

ಅತ್ತ ಚನ್ನವೀರಮ್ಮ ಬೋಳು ಕಡ್ಡಿಯನ್ನು ಎತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಂತೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು: “ಅಯ್ಯಯ್ಯ, ಯಾರ ಗಿಡ ಐತೋ ಏನೋ! ಅವರ ಮಾರಿ ನೋಡಬೇಕ್ರೀ ನಾನು!”