ಕಪಾಟಿನಲ್ಲಿ ಹುಟ್ಟಿದ ಕ್ರಿಸ್‌ಮಸ್ ಸಂಗೀತ

"ನಲವತ್ತು ಜನ ಒಟ್ಟಿಗೆ ಕೂತು ನನ್ನ ಸಂಗೀತ ನುಡಿಸ್ಲಿ, ನೋಡ್ತಿರು. ಥಿಯೇಟರಿನಿಂದ ಜನ ಕಣ್ಣೊರೆಸ್ಕೊಂಡು ಹೊರಗೆ ಬರ್ತಾರೆ," ಎಂದು ನಮ್ಮ ಸಂಗೀತಗಾರ ಕಾಫಿ ಲೋಟ ಕೆಳಗಿಡುತ್ತ ಘೋಷಿಸಿದ.

"ರೀ, ಅದು ನಗಿಸೋ ಸಿನಿಮಾ ಅಂದ್ರಲ್ಲ," ಎಂದಳು ಹೆಂಡತಿ.

"ನಗುವಿನ ತಳದಲ್ಲಿ ಅಳು ಇರುತ್ತೆ. ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡು."

ಹನ್ನೆರಡು ವರ್ಷ ಸೋಪಿನ ಜಾಹೀರಾತುಗಳಿಗೆ ಟಿಂಗ್ ಟಿಂಗ್ ಎನಿಸಿಯೇ ಸಂಸಾರ ತೂಗಿಸಿದ್ದ ಮಹಾನುಭಾವನಿಗೆ ಮೊದಲ ಸಲ ಒಂದು ಸಿನಿಮಾ ಕೈಗೆಟುಕುವಂತಿತ್ತು. ಕ್ರಿಸ್‌ಮಸ್‌ಗೆ ತೆರೆಕಾಣುವ ಮನೆಮಂದಿಯ ಹಾಸ್ಯಚಿತ್ರ. ಅದರಲ್ಲಿ ಅಪ್ಪ ಏಣಿ ಹತ್ತಿ ಕ್ರಿಸ್‌ಮಸ್ ಮರದ ತುದಿಗೆ ನಕ್ಷತ್ರ ಕಟ್ಟಲು ಹೋಗಿ, ಮರದ ಸಮೇತ ಬಿದ್ದು, ಅದರಡಿ ಸಿಕ್ಕಿಕೊಂಡು ಒದ್ದಾಡುತ್ತಾನೆ. ಪಕ್ಕದ ಕೋಣೆಯಲ್ಲಿ ಹಾಡುತ್ತ ಕೂತ ಮನೆಯವರಿಗೆ ಸುಳಿವೇ ಇಲ್ಲ. ಆ ದೃಶ್ಯದ ಸಂಗೀತದ ಮಾದರಿಯನ್ನು ಮಧ್ಯಾಹ್ನ ಹನ್ನೆರಡರೊಳಗೆ ಕಳಿಸದಿದ್ದರೆ ಕೆಲಸ ಇನ್ನೊಬ್ಬರ ಪಾಲು ಎಂದು ನಿರ್ದೇಶಕಿ ಖಡಾಖಂಡಿತವಾಗಿ ಹೇಳಿದ್ದಳು.

ಆರಂಭದ ಎರಡು ನಿಮಿಷದ ಪಿಟೀಲುಗಳನ್ನು ಅವನು ವಾರವಿಡೀ ಕೂತು ಕಂಪ್ಯೂಟರಿಗೆ ತುಂಬಿಸಿದ್ದ. ಉಳಿದದ್ದು ಟ್ರಂಪೆಟ್. ಅವನ ಧ್ವನಿಮುದ್ರಣಾಲಯವೆಂದರೆ ಮಲಗುವ ಕೋಣೆಯ ದೊಡ್ಡ ಬಟ್ಟೆ ಕಪಾಟು. ಕೋಟು, ಸ್ವೆಟರುಗಳ ನಡುವೆ ನಿಂತು ಊದಿದರೆ ಸದ್ದು ಗೋಡೆಗೆ ಬಡಿದು ಮಾರ್ದನಿಸುವುದಿಲ್ಲ. ಮೈಕು ಒಳಗೆ, ಕಂಪ್ಯೂಟರು ಹೊರಗೆ.

"ಒಳಗಿಂದ ಏನೇ ಸದ್ದು ಬರ್ಲಿ, ಯಾರೂ ಕೋಣೆ ಬಾಗಿಲು ತೆಗೀಬಾರ್ದು. ನಾನು ಪ್ರಾಣ ಬಿಡೋ ಹಾಗೆ ಕೂಗಿದ್ರೂ ಅದು ಸಂಗೀತ. ನೀನು ಹನ್ನೆರಡಕ್ಕೆ ಐದು ನಿಮಿಷ ಇರೋವಾಗ ಬಂದು ಮೊದಲು ರೆಕಾರ್ಡಿಂಗ್ ಕಳಿಸು, ಆಮೇಲೆ ಮಿಕ್ಕ ಮಾತು," ಎಂದು ಆಜ್ಞಾಪಿಸಿ ಹನ್ನೊಂದೂಮುಕ್ಕಾಲಿಗೆ ರೆಕಾರ್ಡಿಂಗ್ ಶುರುಮಾಡಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಪಾಟು ಪ್ರವೇಶಿಸಿ ಬಾಗಿಲೆಳೆದುಕೊಂಡ.

ಹೆಡ್‌ಫೋನಿನಲ್ಲಿ ಪಿಟೀಲು ಮುಗಿಯಿತು. ಅಪ್ಪ ನಕ್ಷತ್ರಕ್ಕೆ ಕೈ ಚಾಚುವಲ್ಲಿ ಮೂವತ್ತು ಸೆಕೆಂಡಿನ ಮೌನವಿತ್ತು. ಅದರ ಬಗ್ಗೆ ಅವನಿಗೆ ಇನ್ನಿಲ್ಲದ ಹೆಮ್ಮೆ. ಆ ಮೌನದಲ್ಲೇ, ಮಗಳ ಮನೆಗೆ ಬಂದಿದ್ದ ಅತ್ತೆ ಒಗೆಯುವ ಬಟ್ಟೆಗೆಂದು ಮೆಲ್ಲಗೆ ಒಳಗೆ ಬಂದರು. ಸದ್ದೇ ಇಲ್ಲ, ಅಳಿಯಂದಿರು ಬಚ್ಚಲಿಗೆ ಹೋಗಿರಬೇಕು ಎಂದುಕೊಂಡರು. ಬೀಗ ಹಾಕದ ಕಪಾಟು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಕೀಲಿ ತಿರುಗಿಸಿ, ಕೋಣೆಯ ಬಾಗಿಲನ್ನೂ ಹಾಕಿಕೊಂಡು ಹೊರಟೇಹೋದರು.

ಮೊದಲು ತಟ್ಟುವ ಸದ್ದು ಬಂತು. ಆಮೇಲೆ ಗುದ್ದುವುದು, ಒದೆಯುವುದು. "ಅತ್ತೇ!" ಎಂಬ ಆರ್ತನಾದ ಕೋಟುಗಳೊಳಗೇ ಇಂಗಿತು. ಗಂಟಲು ಸೋತಾಗ ಟ್ರಂಪೆಟ್ಟಿನಲ್ಲೇ ಬೊಬ್ಬೆ ಹೊಡೆದ. ಅಷ್ಟರಲ್ಲಿ ಹ್ಯಾಂಗರುಗಳ ಸರಳು ಕಳಚಿ ಮೈಮೇಲೆ ಬಿತ್ತು.

ಹೊರಗೆ ತಾಯಿ ಮಗಳು ಕಿವಿಗೊಟ್ಟು ಕೂತಿದ್ದರು.

"ಏನೇ ಹೇಳು, ಇವತ್ತು ಅಳಿಯಂದ್ರು ಮನಸಿಟ್ಟು ಬಾರಿಸ್ತಿದಾರೆ," ಎಂದರು ಅತ್ತೆ.

"ಹೂಂ ಅಮ್ಮ, ನನಗೂ ಒಂಥರಾ ಇಷ್ಟ ಆಗ್ತಿದೆ."

ಹನ್ನೆರಡಕ್ಕೆ ಐದು ನಿಮಿಷವಿತ್ತು. ಹೆಂಡತಿ ಒಳಗೆ ಬಂದು, ಅಪ್ಪಣೆಯಂತೆ ಮೊದಲು ಕಳಿಸಿದಳು. ಆಮೇಲೆ ಸುತ್ತ ನೋಡಿದಳು.

"ಕಳಿಸಿ ಆಯ್ತು ರೀ. ಎಲ್ಲಿದೀರಿ?"

"ಇಲ್ಲೇ," ಎಂದಿತು ಕಪಾಟು, ಕ್ಷೀಣವಾಗಿ.

ಕೀಲಿ ತಿರುಗಿಸಿದ್ದೇ ತಡ, ಏಳು ಕೋಟುಗಳೊಂದಿಗೆ ಅವನು ನೆಲಕ್ಕುರುಳಿದ. ನಡೆದದ್ದು ತಿಳಿದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಗಿಯಿತು, ಮತ್ತೆ ಸೋಪೇ ಗತಿ ಎಂದು ಅವನು ತಲೆಮೇಲೆ ಕೈಹೊತ್ತು ಕೂತ. ಹೆಂಡತಿಗೂ ಅಳು ಬಂತು.

ಅಷ್ಟರಲ್ಲಿ ನಿರ್ದೇಶಕಿಯ ಫೋನು.

"ಸರ್, ಹೊಟ್ಟೆ ಹಿಡ್ಕೊಂಡು ನಕ್ಕೆ. ಆ ಗುದ್ದಾಟ, ಆ ಟ್ರಂಪೆಟ್ಟಿನ ಗೋಳಾಟ! ಮರದಡಿ ಸಿಕ್ಕೊಂಡವನ ಸಂಕಟ ನಿಮಗೆ ಹೇಗೆ ಗೊತ್ತಾಯ್ತು? ಸಿನಿಮಾ ನಿಮ್ಮದೇ."

ಹೆಂಡತಿ ಕುಣಿದಾಡಿಬಿಟ್ಟಳು. ಅವನು ಗಂಟಲು ಸರಿಮಾಡಿಕೊಂಡ.

"ಏನಿಲ್ಲ ಮೇಡಂ, ಹನ್ನೆರಡು ವರ್ಷದ ಸಾಧನೆ."

"ಒಂದೇ ಒಂದು ಬದಲಾವಣೆ ಸರ್. ಶುರುವಿನ ಎರಡು ನಿಮಿಷ ಪಿಟೀಲು ಇದೆಯಲ್ಲ, ಅದನ್ನ ತೆಗೆದುಬಿಡಿ. ಯಾರೋ ಅರೆಬರೆ ಕಲಿತವರ ಕೈಲಿ ಮಾಡಿಸಿದೀರಿ ಅಂತ ಕೇಳಿದ ತಕ್ಷಣ ಗೊತ್ತಾಯ್ತು."